ಒಂದೂವರೆ ಮನುಷ್ಯರ ಲೆಕ್ಕ: ಸಿಂಹಳ ದೊರೆಗಳ 'ಮಹಾವಂಸ' ಕೇಳಿದ ಮೇಲೆ

ಹೋದ ಬೇಸಿಗೆಯಲ್ಲಿ ನಮ್ಮ ವಾಚನಾಲಯದಲ್ಲಿ ಶನಿವಾರ ಶನಿವಾರ ಸಂಜೆ 'ಮಹಾವಂಸ' ಓದಿದರು. ಓದಿದರು ಅಂದ್ರೆ, ನಮ್ಮ ಮೇಷ್ಟ್ರು ಇಂಗ್ಲಿಷ್ ಪುಸ್ತಕ ನೋಡಿಕೊಂಡು ಕನ್ನಡದಲ್ಲಿ ಹೇಳೋರು, ನಾವು ಹತ್ತು ಹದಿನೈದು ಜನ ಕೂತು ಕೇಳೋರು. ಸಿಂಹಳದ ದೊರೆಗಳ ಕಥೆ ಅದು. ಮೂರನೇ ಶನಿವಾರ ಒಬ್ಬ ಹುಡುಗ ಎದ್ದು, "ತಾತ, ಇದು ನಮಗ್ಯಾಕೆ? ತಮಿಳರನ್ನ ಕೊಂದ ದೊರೆಯ ಹೊಗಳಿಕೆ ಇದು. ನಾವಿರೋದು ತಮಿಳುನಾಡಲ್ಲಿ. ಯಾರಾದ್ರೂ ಕೇಳಿಸ್ಕೊಂಡ್ರೆ ಏನಂದ್ಕೊಂಡಾರು?" ಅಂದ. ಮೇಷ್ಟ್ರು ನನ್ನ ಕಡೆ ನೋಡಿದರು. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ನಾನು ಓದಿದ್ದು ಏಳನೇ ಕ್ಲಾಸು. ಎರಡೂವರೆ ಎಕರೆ ಒಣಭೂಮಿ, ಒಂದು ಬೋರು. ಆದರೆ ನಲವತ್ತು ವರ್ಷದಿಂದ ಮಾದಪ್ಪನ ಕಥೆ, ಮಂಟೇದಯ್ಯನ ಕಥೆ ಹಾಡಿಕೊಂಡು ಬಂದಿದ್ದೀನಿ. ರಾತ್ರಿಯೆಲ್ಲಾ ಕಥೆ ಹೇಳೋನಿಗೆ ಒಂದು ವಿಷಯ ಗೊತ್ತಿರುತ್ತೆ: ದೊರೆ ಒಳ್ಳೆಯವನೋ ಕೆಟ್ಟವನೋ ಅನ್ನೋದು ಅವನು ಏನು ಮಾಡಿದ ಅನ್ನೋದರಲ್ಲಿ ಅರ್ಧ, ಹೇಳೋನು ಯಾವ ಸಾಲನ್ನ ಎಳೆದು ಹಾಡಿದ, ಯಾವುದನ್ನ ಓಡಿಸಿಬಿಟ್ಟ ಅನ್ನೋದರಲ್ಲಿ ಅರ್ಧ. ನಮ್ಮ ಮಾದಪ್ಪನ ಕಥೆಯಲ್ಲಿ ಶ್ರವಣದೊರೆ ದೇವತೆಗಳನ್ನೇ ಸೆರೆಯಲ್ಲಿಟ್ಟು ಚಾಕರಿ ಮಾಡಿಸಿದವನು. ಅವನ ಕಥೆಯನ್ನ ಅವನ ಅರಮನೆಯ ಕವಿ ಬರೆದಿದ್ದರೆ ಹೆಂಗಿರುತ್ತಿತ್ತು? ಆ ಕಿವಿ ಇಟ್ಟುಕೊಂಡೇ ನಾನು ಮಹಾವಂಸ ಕೇಳಿದ್ದು.

ಮೊದಲು ಪುಸ್ತಕದ ವಿಚಾರ ಎರಡು ಮಾತು. ಇದು ಪಾಲಿ ಭಾಷೆಯ ಪದ್ಯದಲ್ಲಿರುವ ಗ್ರಂಥ. ಸುಮಾರು 1500 ವರ್ಷದ ಹಿಂದೆ ಅನುರಾಧಪುರದ ಮಹಾವಿಹಾರ ಅನ್ನೋ ಮಠದಲ್ಲಿ ಮಹಾನಾಮ ಎಂಬ ಭಿಕ್ಷು ಬರೆದದ್ದು ಅಂತ ಹೇಳುತ್ತಾರೆ. 37 ಅಧ್ಯಾಯ. ವಿಜಯ ಅನ್ನೋ ರಾಜಕುಮಾರ ಹಡಗಿನಲ್ಲಿ ಬಂದು ಇಳಿದದ್ದರಿಂದ ಹಿಡಿದು ಮಹಾಸೇನ ಅನ್ನೋ ದೊರೆಯವರೆಗೆ. ಮುಂದಿನ ದೊರೆಗಳ ಕಥೆಯನ್ನ ಬೇರೆ ಬೇರೆ ಕಾಲದ ಭಿಕ್ಷುಗಳು ಸೇರಿಸುತ್ತಾ ಹೋದರು, ಅದಕ್ಕೆ 'ಚೂಳವಂಸ' ಅಂತ ಹೆಸರು. 1815ರಲ್ಲಿ ಇಂಗ್ಲಿಷರು ಕೊನೇ ದೊರೆಯನ್ನ ಇಳಿಸುವ ತನಕ ಹೆಚ್ಚುಕಡಿಮೆ ಎರಡು ಸಾವಿರ ವರ್ಷದ ದೊರೆಗಳ ಸಾಲು ಆಗುತ್ತೆ ಅದು. ಇಷ್ಟುದ್ದದ ಸಾಲನ್ನ ಬಿಡದೆ ಹಿಡಿದಿಟ್ಟ ಪುಸ್ತಕ ನಮ್ಮ ದೇಶದಲ್ಲೇ ಅಪರೂಪ. ಇಂಡಿಯಾದ ಅಶೋಕ ಚಕ್ರವರ್ತಿ ಯಾರು ಅಂತ ಕಂಡುಹಿಡಿಯೋಕೂ ಇಂಗ್ಲಿಷ್ ಪಂಡಿತರಿಗೆ ಈ ಸಿಂಹಳದ ಪುಸ್ತಕಗಳೇ ನೆರವಾದವಂತೆ. ಅದನ್ನ ಕೇಳಿ ನನಗೆ ಗೌರವ ಬಂತು. ಗೌರವ ಇಟ್ಟುಕೊಂಡೇ ತಕರಾರು ತೆಗೆಯುತ್ತೇನೆ.

ತಕರಾರು ಇರುವುದು ಎಲಾರ ಮತ್ತು ದುಟ್ಟಗಾಮಣಿ ಕಥೆಯಲ್ಲಿ.

ಎಲಾರ ಚೋಳ ದೇಶದಿಂದ ಬಂದವನು, ತಮಿಳರವನು. ಬಂದು ಅನುರಾಧಪುರ ಗೆದ್ದು 44 ವರ್ಷ ಆಳಿದ. ಕ್ರಿಸ್ತ ಹುಟ್ಟುವುದಕ್ಕೆ ಮುಂಚೆ 205ರಿಂದ 161ರವರೆಗೆ ಅಂತ ಲೆಕ್ಕ. ಪುಸ್ತಕದ ಪ್ರಕಾರ ಇವನು ಹೊರಗಿನವನು, ಬೌದ್ಧನಲ್ಲದವನು, ನಾಳೆ ಕಥಾನಾಯಕನ ಕೈಯಲ್ಲಿ ಸಾಯಬೇಕಾದವನು. ಇಂಥವನನ್ನ ನಮ್ಮಂಥ ಹಾಡುಗಾರರು ಏನು ಮಾಡ್ತೀವಿ? ಮೀಸೆ ತಿರುಗಿಸಿ, ಕಣ್ಣು ಕೆಂಪು ಮಾಡಿ, ಹೆಣ್ಣುಮಕ್ಕಳನ್ನ ಅಳಿಸಿ, ಆಮೇಲೆ ಕೊಲ್ಲಿಸ್ತೀವಿ. ಆ ಭಿಕ್ಷು ಹಂಗೆ ಮಾಡಲಿಲ್ಲ. ಎಲಾರನ ಮಂಚದ ತಲೆಯ ಹತ್ತಿರ ಒಂದು ಗಂಟೆ, ಅದಕ್ಕೆ ಉದ್ದದ ಹಗ್ಗ. ನ್ಯಾಯ ಬೇಕಾದವರು ಯಾರು ಬೇಕಾದರೂ ಎಳೆಯಬಹುದು. ಅವನ ಒಬ್ಬನೇ ಮಗ ರಥದಲ್ಲಿ ಹೋಗುವಾಗ ದಾರಿಯಲ್ಲಿ ಮಲಗಿದ್ದ ಕರುವಿನ ಮೇಲೆ ಗಾಲಿ ಹಾಯಿಸಿದ. ಹಸು ಬಂದು ಗಂಟೆ ಎಳೆಯಿತು. ದೊರೆ ಅದೇ ಗಾಲಿಯಿಂದ ಮಗನ ತಲೆ ತೆಗೆಸಿದ. ತಮಿಳು ಕಲಿತ ಮಕ್ಕಳಿಗೆ ಈ ಕಥೆ ಗೊತ್ತು, ತಿರುವಾರೂರಿನ ಮನುನೀತಿ ಚೋಳನ ಮೇಲೆ ಇದನ್ನೇ ಹೇಳುತ್ತಾರೆ. ಯಾರು ಯಾರಿಂದ ತಗೊಂಡರೋ, ಕಥೆಗೆ ಗಡಿ ಎಲ್ಲಿದೆ.

ನನಗೆ ಬಹಳ ಹಿಡಿಸಿದ್ದು ಅಕ್ಕಿ ಒಣಗಿಸಿದ ಮುದುಕಿಯ ಕಥೆ. ಬಿಸಿಲಿಗೆ ಅಕ್ಕಿ ಹರವಿದ್ದಾಳೆ, ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂತು, ಅಕ್ಕಿ ನೆಂದುಹೋಯಿತು. ಮುದುಕಿ ಹೋಗಿ ಗಂಟೆ ಎಳೆದಳು. ಮಳೆಗೆ ದೊರೆ ಏನು ಮಾಡಿಯಾನು? ಅವನು ಉಪವಾಸ ಕೂತ. ಇಂದ್ರನವರೆಗೂ ದೂರು ಹೋಗಿ, ಇನ್ನು ಮೇಲೆ ವಾರಕ್ಕೊಂದು ದಿನ, ಅದೂ ರಾತ್ರಿ ಹೊತ್ತು ಮಳೆ ಬೀಳಲಿ ಅಂತ ಅಪ್ಪಣೆ ಆಯಿತು. ಕಣದಲ್ಲಿ ರಾಗಿ ಹರವಿ ಮೋಡ ನೋಡಿಕೊಂಡು ಕೂತವನು ಈ ಕಥೆಗೆ ನಗಲಾರ. ಇಂಥ ದೊರೆಯನ್ನ ಬಡವರು ಕಟ್ಟಿಕೊಂಡಿರಬೇಕು, ಭಿಕ್ಷು ಅದನ್ನ ಕೇಳಿ ಬರೆದಿರಬೇಕು ಅಂತ ನನ್ನ ಅನುಮಾನ. ಬರೆದು ಕೊನೆಗೆ, ಇವನು ತಪ್ಪು ನಂಬಿಕೆ ಬಿಡದಿದ್ದರೂ ಇಷ್ಟು ಶಕ್ತಿ ಪಡೆದ ಅಂತ ಒಪ್ಪಿಕೊಳ್ಳುತ್ತಾನೆ. ಇಷ್ಟು ದೊಡ್ಡ ಮನಸ್ಸು ಒಂದು ಅಧ್ಯಾಯದೊಳಗೇ ಮುಗಿಯುತ್ತೆ ಅನ್ನೋದನ್ನೂ ಹೇಳಬೇಕು. ದುಟ್ಟಗಾಮಣಿಗೆ ಸಿಕ್ಕಿರೋದು ಹನ್ನೊಂದು ಅಧ್ಯಾಯ.

ಗಾಮಣಿ ದಕ್ಷಿಣದ ರೋಹಣ ಸೀಮೆಯ ದೊರೆ ಕಾಕವಣ್ಣತಿಸ್ಸನ ಮಗ. ತಾಯಿ ವಿಹಾರದೇವಿ. ಅಪ್ಪ ಇಬ್ಬರು ಗಂಡುಮಕ್ಕಳಿಗೆ ಅನ್ನ ಕೊಟ್ಟು, "ತಮಿಳರ ಜೊತೆ ಯುದ್ಧ ಮಾಡಲ್ಲ ಅಂತ ಹೇಳಿ ಉಣ್ಣಿ" ಅಂದಾಗ ಇಬ್ಬರೂ ಉಣ್ಣಲಿಲ್ಲ. ಗಾಮಣಿ ತುತ್ತು ಎಸೆದು, ಹೋಗಿ ಕೈಕಾಲು ಮುದುರಿಕೊಂಡು ಮಲಗಿದ. ತಾಯಿ ಬಂದು, ಯಾಕಪ್ಪಾ ಹಿಂಗೆ ಮುದುರಿ ಮಲಗಿದ್ದೀಯ ಅಂದಾಗ, ಆ ಕಡೆ ಗಂಗೆಯಾಚೆ ತಮಿಳರು, ಈ ಕಡೆ ಸಮುದ್ರ, ಕಾಲು ಎಲ್ಲಿ ಚಾಚಲಿ ಅಂದ. ಎಂಥಾ ಮಾತು ನೋಡಿ. ಇದೊಂದು ಸಾಲಿಗೆ ಸಿಂಹಳದ ಹುಡುಗರ ರಕ್ತ ಎರಡು ಸಾವಿರ ವರ್ಷ ಬಿಸಿಯಾಗಿದ್ದರೆ ಆಶ್ಚರ್ಯ ಇಲ್ಲ. ಹಾಡುಗಾರನಾಗಿ ನನಗೂ ಅಸೂಯೆ ಆಯಿತು. ಆದರೆ ಆ ಅಪ್ಪನ ಅನ್ನದ ತಟ್ಟೆಯ ಕಡೆ ಯಾರೂ ನೋಡೋದಿಲ್ಲ. ಯುದ್ಧ ಬೇಡ ಅಂದ ಅಪ್ಪನಿಗೆ ಮಗ ಹೆಂಗಸರ ಒಡವೆ ಕಳಿಸಿ ಅವಮಾನ ಮಾಡಿದ, ಅದಕ್ಕೇ ದುಟ್ಟ, ಅಂದ್ರೆ ದುಷ್ಟ, ಗಾಮಣಿ ಅಂತ ಹೆಸರು ಬಂತು. ಕಥಾನಾಯಕನ ಹೆಸರಿನಲ್ಲೇ ಈ ಕೊಳೆ ಉಳಿಸಿದ್ದಾನೆ ಆ ಕವಿ, ತೊಳೆಯಲಿಲ್ಲ. ಅಪ್ಪ ಸತ್ತ ಮೇಲೆ ಅಣ್ಣತಮ್ಮ ಬಡಿದಾಡಿದ್ದು, ಅದರಲ್ಲಿ ಅಣ್ಣನ ಕಡೆಯ ಸಾವಿರಾರು ಜನ ಸತ್ತದ್ದನ್ನೂ ಮುಚ್ಚಿಡಲಿಲ್ಲ.

ಕೊನೆಗೆ ಅನುರಾಧಪುರದ ದಕ್ಷಿಣ ಬಾಗಿಲ ಹತ್ತಿರ ಇಬ್ಬರೂ ಆನೆ ಮೇಲೆ ಎದುರಾದರು. ಎಲಾರನನ್ನ ನಾನಲ್ಲದೆ ಯಾರೂ ಕೊಲ್ಲಬಾರದು ಅಂತ ಗಾಮಣಿ ಡಂಗುರ ಹೊಡೆಸಿದ್ದ. ಎಲಾರ ಈಟಿ ಎಸೆದ, ಇವನು ತಪ್ಪಿಸಿಕೊಂಡ. ಇವನ ಆನೆ ಕಂಡೂಲ ಅವನ ಆನೆಯನ್ನ ತಿವಿಯಿತು, ಇವನ ಈಟಿ ಅವನಿಗೆ ನೆಟ್ಟಿತು. ಗೆದ್ದವನು ಊರ ಜನರನ್ನೆಲ್ಲಾ ಕರೆಸಿ ಎಲಾರನಿಗೆ ದೊರೆಗೆ ಸಲ್ಲುವ ಹಾಗೆ ಸಂಸ್ಕಾರ ಮಾಡಿಸಿದ. ಸಮಾಧಿ ಕಟ್ಟಿಸಿ ಪೂಜೆಗೆ ಅಪ್ಪಣೆ ಮಾಡಿದ. ಆ ಜಾಗದ ಹತ್ತಿರ ಬಂದಾಗ ದೊರೆಗಳು ಇವತ್ತಿಗೂ ವಾದ್ಯ ನಿಲ್ಲಿಸುತ್ತಾರೆ ಅಂತ ಭಿಕ್ಷು ಬರೆಯುತ್ತಾನೆ. ಅವನ 'ಇವತ್ತು' ಅಂದರೆ ಯುದ್ಧ ಆಗಿ ಆರೇಳು ನೂರು ವರ್ಷ ಆದ ಮೇಲೆ.

ಕಥೆ ಇಲ್ಲಿಗೆ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಗೆದ್ದ ಮೇಲೆ ಗಾಮಣಿ ಅರಮನೆಯ ಮಾಳಿಗೆ ಮೇಲೆ ಕೂತಿದ್ದಾನೆ. ಸುಗಂಧದ ದೀಪ, ಹಾಡು ಕುಣಿತ ಎಲ್ಲಾ ಇದೆ. ಅವನಿಗೆ ಸುಖ ಇಲ್ಲ. ಕೊಂದವರ ಲೆಕ್ಕ ತಲೆಗೆ ಬರುತ್ತಿದೆ, ಅಕ್ಷೋಹಿಣಿಗಟ್ಟಲೆ ಸಾವು. ನಮ್ಮ ಧರ್ಮರಾಯನಿಗೆ ಬಂದದ್ದೂ ಇದೇ ಕಾಯಿಲೆ. ಆಗ ಪಿಯಂಗುದ್ವೀಪ ಅನ್ನೋ ಕಡೆಯಿಂದ ಎಂಟು ಜನ ಅರ್ಹಂತರು ಆಕಾಶಮಾರ್ಗದಲ್ಲಿ ಬಂದು ಸಮಾಧಾನ ಹೇಳುತ್ತಾರೆ. ಏನಂತ? ದೊರೆಯೇ, ನೀನು ಕೊಂದದ್ದು ಒಂದೂವರೆ ಮನುಷ್ಯರನ್ನ ಮಾತ್ರ. ಒಬ್ಬ ಬುದ್ಧ, ಧರ್ಮ, ಸಂಘಕ್ಕೆ ಶರಣು ಹೋಗಿದ್ದವನು, ಇನ್ನೊಬ್ಬ ಐದು ಶೀಲ ಹಿಡಿದವನು. ಉಳಿದವರು ತಪ್ಪು ನಂಬಿಕೆಯವರು, ಪಶುಗಳಿಗಿಂತ ಹೆಚ್ಚಿಗೆ ಎಣಿಸಬೇಕಾಗಿಲ್ಲ. ಚಿಂತೆ ಬಿಡು.

ಮೇಷ್ಟ್ರು ಇದನ್ನ ಹೇಳಿದಾಗ ವಾಚನಾಲಯದಲ್ಲಿ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಯಾರೋ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ನಾಲ್ಕು ಅಧ್ಯಾಯದ ಹಿಂದೆ ಕರುವಿನ ಜೀವಕ್ಕೆ ಮಗನ ತಲೆ ತೂಗಿದ ಕವಿ ಇವನೇನಾ? ಒಂದು ಕರುವಿಗೆ ಗಂಟೆ ಎಳೆಯೋ ಹಕ್ಕು ಕೊಟ್ಟವನು, ಸಾವಿರಾರು ಸಿಪಾಯಿಗಳನ್ನ ಅರ್ಧ ಆಳು, ಮುಕ್ಕಾಲು ಆಳು ಅಂತ ಕೂಲಿ ಲೆಕ್ಕ ಹಾಕುತ್ತಾನಲ್ಲ. ಇದು ಕಥೆ ಕೆಟ್ಟ ಜಾಗ. ನನ್ನ ಹಿಮ್ಮೇಳದವನು ಇಂಥ ಕಡೆ ತಾಳ ತಪ್ಪಿಸಿದರೆ ನಾನು ತಿರುಗಿ ನೋಡ್ತೀನಿ, ಹಂಗೆ ನೋಡಬೇಕಾದ ಜಾಗ.

ಒಬ್ಬ ಮೇಷ್ಟ್ರು ವಾದ ಮಾಡಿದರು: ಆ ಕಾಲದ ನಂಬಿಕೆ ಅದು, ಈಗಿನ ಕಣ್ಣಿಂದ ನೋಡಬಾರದು ಅಂತ. ಒಪ್ಪಬಹುದಿತ್ತು. ಆದರೆ ಆ ಕಾಲದ ಗಾಮಣಿಗೇ ನಿದ್ದೆ ಬರಲಿಲ್ಲವಲ್ಲ ಸಾರ್? ತಪ್ಪು ಅಂತ ಅವನಿಗೆ ಗೊತ್ತಾಗಿತ್ತು. ಅವನ ಹೊಟ್ಟೆಯ ಸಂಕಟ ನಿಜ, ಅದಕ್ಕೆ ಕೊಟ್ಟ ಮದ್ದು ಕೆಟ್ಟದ್ದು. ಮತ್ತೆ ಅದೇ ಪುಸ್ತಕ ಸ್ವಲ್ಪ ಮುಂದೆ ಇನ್ನೊಂದು ಕಥೆ ಹೇಳುತ್ತೆ. ಗಾಮಣಿ ಯಾವಾಗಲೂ ಸಂಘಕ್ಕೆ ಕೊಟ್ಟೇ ಉಣ್ಣುತ್ತೇನೆ ಅಂತ ಇದ್ದವನು, ಒಂದು ಸಲ ಮರೆತು ಮೆಣಸಿನ ವ್ಯಂಜನವನ್ನ ಕೊಡದೇ ತಿಂದುಬಿಟ್ಟ. ಅದರ ಪ್ರಾಯಶ್ಚಿತ್ತಕ್ಕೆ ಮರಿಚವಟ್ಟಿ ಅಂತ ಒಂದು ದೊಡ್ಡ ವಿಹಾರವನ್ನೇ ಕಟ್ಟಿಸಿದ. ಮೆಣಸಿನ ಸಾರಿಗೆ ಒಂದು ವಿಹಾರ, ಅಕ್ಷೋಹಿಣಿ ಸಾವಿಗೆ ಒಂದೂವರೆ ಆಳು. ಭಿಕ್ಷು ಈ ಎರಡನ್ನೂ ಹತ್ತಿರ ಹತ್ತಿರ ಇಟ್ಟದ್ದು ಗೊತ್ತಿದ್ದೋ ಗೊತ್ತಿಲ್ಲದೆಯೋ, ಕೇಳೋನಿಗಂತೂ ಕುಟುಕುತ್ತೆ.

ಗಾಮಣಿ ಬರೀ ಕೆಟ್ಟವನು ಅಂತ ನಾನು ಹೇಳುತ್ತಿಲ್ಲ. ಅವನು ಮಹಾಸ್ತೂಪ ಕಟ್ಟಿಸುವಾಗ ಬಿಟ್ಟಿ ದುಡಿಸಬಾರದು ಅಂತ ನಾಲ್ಕು ಬಾಗಿಲಲ್ಲೂ ಹಣ, ಬಟ್ಟೆ, ಊಟ ಇಡಿಸಿದ್ದ. ಆ ಸ್ತೂಪ ಮುಗಿಯುವ ಮೊದಲೇ ಸಾವು ಹತ್ತಿರ ಬಂತು. ಆಗ ತಮ್ಮ ಬಿಳಿ ಬಟ್ಟೆ ಹೊದಿಸಿ, ಮುಗೀತು ನೋಡಣ್ಣ ಅಂತ ತೋರಿಸಿದ. ಅದನ್ನ ಕೇಳಿ ನಮ್ಮ ಅಕ್ಕಂದಿರು ಕಣ್ಣೊರೆಸಿಕೊಂಡರು. ಹಳೇ ಕಾಲದಲ್ಲಿ ತನ್ನೊಡನೆ ಬಡಿದಾಡಿದ್ದ ಅದೇ ತಮ್ಮ ಅವನು.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ಈ ಕಥೆ ಕೇಳಿದ ಮೇಲೆ ನಾನು ಎಲಾರ-ಗಾಮಣಿ ಮೇಲೆ ಒಂದು ಸಾಲು ಕಟ್ಟಿದೆ. ನೀಲಗಿರಿ ಕಡೆ ನೆಂಟರ ಊರಿನಲ್ಲಿ ಒಂದು ರಾತ್ರಿ ಹಾಡಿದೆ. ಒಂದೂವರೆ ಆಳಿನ ಜಾಗ ಬಿಟ್ಟೆ, ಯಾಕೆ ರಸಭಂಗ ಅಂತ. ಈಟಿ, ಆನೆ, ಸಮಾಧಿಗೆ ಮರ್ಯಾದೆ, ಅಲ್ಲಿಗೆ ಮಂಗಳ. ಎಲ್ಲರೂ ಭೇಷ್ ಅಂದರು. ಬೆಳಗ್ಗೆ ಟೀ ಅಂಗಡಿ ಹತ್ತಿರ ಒಬ್ಬ ವಯಸ್ಸಾದವರು ಬಂದರು. ತೋಟದ ಕೆಲಸ ಮಾಡಿ ನಿವೃತ್ತಿ ಆದವರು. 1964ರಲ್ಲಿ ಶಾಸ್ತ್ರಿಯವರೂ ಸಿರಿಮಾವೋ ಅಮ್ಮನೂ ಮಾಡಿಕೊಂಡ ಒಪ್ಪಂದದಲ್ಲಿ 5,25,000 ಜನರನ್ನ ಇಂಡಿಯಾ ವಾಪಸ್ ತಗೊಳ್ಳಬೇಕು ಅಂತ ಆಯಿತಲ್ಲ, ಹಂಗೆ ಬಂದ ಮನೆಯವರು. ಅಲ್ಲೇ ಹುಟ್ಟಿ ಬೆಳೆದು, ಅಲ್ಲಿ ಇಂಡಿಯಾದವರು ಅನ್ನಿಸಿಕೊಂಡು, ಇಲ್ಲಿ ಸಿಲೋನ್‌ಕಾರರು ಅನ್ನಿಸಿಕೊಂಡವರು. "ಅಯ್ಯಾ, ಚೆನ್ನಾಗಿ ಹಾಡಿದಿರಿ. ಆದರೆ ದೊರೆಗೆ ನಿದ್ದೆ ಬಾರದ ಕಥೆ ಒಂದಿದೆ, ನಿಮಗೆ ಗೊತ್ತಿಲ್ಲವೋ, ಬಿಟ್ಟಿರೋ?" ಅಂದರು. ಗೊತ್ತು, ಬಿಟ್ಟೆ ಅಂದೆ. ಅವರು ಟೀ ಕುಡಿದು ಲೋಟ ಇಟ್ಟು ಹೋದರು. ಬೇರೆ ಏನೂ ಅನ್ನಲಿಲ್ಲ.

ನಮ್ಮ ಹುಡುಗ ಕೇಳಿದ ಪ್ರಶ್ನೆ ಅವತ್ತು ನನಗೆ ತಿರುಗಿ ಬಂತು. ಸಿಂಹಳ ಸೈನ್ಯದಲ್ಲಿ 1962ರಲ್ಲಿ ಕಟ್ಟಿದ ಒಂದು ಪಡೆಗೆ 'ಗೆಮುಣು ವಾಚ್' ಅಂತಲೇ ಹೆಸರು. 1983ರಿಂದ 2009ರವರೆಗೆ ಅಲ್ಲಿ ನಡೆದ ಯುದ್ಧದಲ್ಲಿ ಈ ಹಳೇ ದೊರೆಯ ಹೆಸರು ಎಷ್ಟು ಸಲ ಎದ್ದಿತೋ. ಎತ್ತಿದವರು ಮಾಳಿಗೆ ಮೇಲಿನ ಆ ರಾತ್ರಿಯನ್ನ ನನ್ನ ಹಾಗೇ ಬಿಟ್ಟಿರುತ್ತಾರೆ, ಇಲ್ಲಾ ಅರ್ಹಂತರ ಮಾತನ್ನ ಹಿಡಿದಿರುತ್ತಾರೆ. ದೊರೆಯ ಸಂಕಟ ಯಾರಿಗೂ ಬೇಕಾಗಲಿಲ್ಲ. ಸಮಾಧಿಯ ಮರ್ಯಾದೆ ಒಂದನ್ನೇ ಹಾಡಿದರೆ ಕಥೆ ಸಿಹಿಯಾಗುತ್ತೆ. ಒಂದೂವರೆ ಆಳು ಒಂದನ್ನೇ ಹಿಡಿದರೆ ಬೈಗುಳ ಆಗುತ್ತೆ. ಪುಸ್ತಕದಲ್ಲಿ ಎರಡೂ ಇದೆ, ಒಬ್ಬನೇ ಕೈಯಲ್ಲಿ ಬರೆದದ್ದು.

ಆ ಭಿಕ್ಷುವಿನ ತಕ್ಕಡಿ ಯಾವುದು ಅಂತ ಮುಂದಿನ ದೊರೆಗಳಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ. ಮಹಾಸೇನ ದೊರೆ 27 ವರ್ಷ ಆಳಿದವನು, ಸುಮಾರು ಕ್ರಿ.ಶ. 300ರ ಆಸುಪಾಸು. ಇವನು ಬೇರೆ ಪಂಗಡದ ಭಿಕ್ಷುಗಳ ಮಾತು ಕೇಳಿ ಮಹಾವಿಹಾರವನ್ನ ಕೆಡವಿಸಿದ. ಮಹಾವಂಸ ಬರೆದದ್ದು ಅದೇ ಮಹಾವಿಹಾರದಲ್ಲಿ. ಬಿಡ್ತಾರಾ? ಇವನ ಪಾಪ ಪುಣ್ಯ ಎರಡನ್ನೂ ಹೇಳಿ, ಕೆಟ್ಟ ಸಹವಾಸ ಮಾಡಿದವನು ಅಂತ ಮುಗಿಸುತ್ತಾರೆ. ಇವನು ಕಟ್ಟಿಸಿದ 16 ಕೆರೆಗಳ ಲೆಕ್ಕ ಒಂದೆರಡು ಪದ್ಯದಲ್ಲಿ ಬಂದು ಹೋಗುತ್ತೆ. ಅದರಲ್ಲಿ ದೊಡ್ಡದು ಮಿನ್ನೇರಿಯ ಕೆರೆ. ಇವತ್ತಿಗೂ ಗದ್ದೆಗೆ ನೀರು ಕೊಡುತ್ತಿದೆ. ಆ ಸೀಮೆಯ ರೈತರು ಮಹಾಸೇನನನ್ನ 'ಮಿನ್ನೇರಿ ದೇವಿಯೋ' ಅಂತ ದೇವರು ಮಾಡಿಕೊಂಡು ಪೂಜೆ ಮಾಡುತ್ತಾರೆ. ಪುಸ್ತಕದಲ್ಲಿ ತಪ್ಪಿತಸ್ಥ, ಕೆರೆ ಏರಿ ಮೇಲೆ ದೇವರು. ಮೇಷ್ಟ್ರು ಇದನ್ನ ಹೇಳಿದಾಗ ನಾನು ತೊಡೆ ತಟ್ಟಿಬಿಟ್ಟೆ. ನಮ್ಮ ಕಡೆಯೂ ಕೆರೆ ಕಟ್ಟಿದವರಿಗೂ ಕೆರೆಗೆ ಹಾರವಾದವರಿಗೂ ಗುಡಿ ಇದ್ದೇ ಇವೆ.

ಧಾತುಸೇನ ದೊರೆಯ ಕಥೆ ಚೂಳವಂಸದಲ್ಲಿ ಬರುತ್ತೆ, ಐದನೇ ಶತಮಾನದವನು. ಕಲಾವೆವ ಅನ್ನೋ ಸಮುದ್ರದಂಥ ಕೆರೆ ಕಟ್ಟಿಸಿದ. ಅದರಿಂದ ಅನುರಾಧಪುರದ ಕೆರೆಗೆ ಸುಮಾರು 87 ಕಿ.ಮೀ. ಕಾಲುವೆ. ಮೊದಲ 17 ಮೈಲಿಯಲ್ಲಿ ಮೈಲಿಗೆ ಆರು ಅಂಗುಲ ಮಾತ್ರ ಇಳಿಜಾರು ಅಂತ ಇಂಜಿನಿಯರುಗಳು ಅಳೆದು ಹೇಳಿದ್ದಾರೆ. ಹೊಲಕ್ಕೆ ನೀರು ಹಾಯಿಸೋರು ಯೋಚನೆ ಮಾಡಿ: ಗುದ್ದಲಿ ಹಿಡಿದು ಹತ್ತು ಮಾರು ಕಾಲುವೆ ತೆಗೆದರೇ ನೀರು ಎಲ್ಲೋ ನಿಂತು ಎಲ್ಲೋ ಕೊಚ್ಚುತ್ತೆ. ಅವರ ತೂಬೂ ವಿಶೇಷ. ಏರಿಯ ಒಳಗೆ 'ಬಿಸೋಕೊಟುವ' ಅನ್ನೋ ಕಲ್ಲಿನ ಚೌಕ ಬಾವಿ ಇಟ್ಟು, ಅಷ್ಟು ಎತ್ತರದ ನೀರಿನ ರಭಸವನ್ನ ಅಲ್ಲಿ ಮುರಿದು ಹೊರಗೆ ಬಿಡುತ್ತಿದ್ದರು.

ಈ ಧಾತುಸೇನನ ಮಗ ಕಾಶ್ಯಪ, ಹೆಂಡತಿ ಬೇರೆಯವಳು, ರಾಜ್ಯದ ಆಸೆಗೆ ಅಪ್ಪನನ್ನ ಸೆರೆಹಿಡಿದ. ನಿಧಿ ಎಲ್ಲಿ ತೋರಿಸು ಅಂದ. ಮುದಿ ದೊರೆ, ಕಲಾವೆವಕ್ಕೆ ಕರೆದುಕೊಂಡು ಹೋದರೆ ತೋರಿಸುತ್ತೇನೆ ಅಂದ. ದಾರಿಯಲ್ಲಿ ಗಾಡಿ ಹೊಡೆಯೋನು ಹುರಿದ ಕಾಳು ತಿನ್ನುತ್ತಾ ದೊರೆಗೂ ಒಂದು ಹಿಡಿ ಕೊಟ್ಟ, ದೊರೆ ಸಂತೋಷವಾಗಿ ತಿಂದ. ಕೆರೆಯಲ್ಲಿ ಮಿಂದು, ನೀರು ಕೈಯಲ್ಲಿ ಎತ್ತಿ ತೋರಿಸಿ, ಇಷ್ಟೇ ಕಣಪ್ಪಾ ನನ್ನ ಆಸ್ತಿ ಅಂದ. ಅವನನ್ನ ಗೋಡೆಯೊಳಗೆ ಜೀವಂತ ಮುಚ್ಚಿಸಿದರು. ಆ ಕಾಶ್ಯಪನೇ ಆಮೇಲೆ ಸಿಗಿರಿಯಾ ಬಂಡೆ ಮೇಲೆ ಅರಮನೆ ಕಟ್ಟಿಕೊಂಡು 495ರವರೆಗೆ ಇದ್ದವನು. ಪ್ರವಾಸಕ್ಕೆ ಹೋಗೋರು ಸಿಗಿರಿಯಾ ನೋಡುತ್ತಾರೆ. ನನ್ನನ್ನ ಕರೆದುಕೊಂಡು ಹೋದರೆ ಕಲಾವೆವದ ಏರಿ ಮೇಲೆ ಬಿಟ್ಟುಬಿಡಿ ಸಾಕು.

ಆದರೆ ಧಾತುಸೇನನಿಗೆ ಈ ಸಾವು ಯಾಕೆ ಬಂತು? ಚೂಳವಂಸ ಕಾರಣ ಕೊಡುತ್ತೆ. ಕೆರೆ ಕಟ್ಟಿಸುವಾಗ ಒಬ್ಬ ಭಿಕ್ಷು ಧ್ಯಾನಕ್ಕೆ ಕೂತಿದ್ದ, ಎಬ್ಬಿಸಿದರೂ ಏಳಲಿಲ್ಲ, ಅವನ ತಲೆ ಮೇಲೇ ಮಣ್ಣು ಸುರಿಸಿ ಏರಿ ಕಟ್ಟಿಸಿದ. ಅದರ ಫಲ ಇದು ಅಂತ. ಇರಬಹುದು. ಅಷ್ಟು ದೊಡ್ಡ ಏರಿಯಲ್ಲಿ ಮಣ್ಣು ಹೊತ್ತು ಸತ್ತವರು ಎಷ್ಟು ಜನ, ಅವರ ಪಾಪ ಯಾರಿಗೆ ಅಂಟಿತು, ಬರೆದಿಲ್ಲ. ಒಂದೂವರೆ ಲೆಕ್ಕ ಇಲ್ಲೂ ನಡೆದಿದೆ.

ಇಲ್ಲಿಂದ ಮುಂದೆ ದೊರೆಗಳು ಬಹಳ, ಬೇಗ ದಾಟುತ್ತೇನೆ. 993ರಲ್ಲಿ ರಾಜರಾಜ ಚೋಳನ ಸೈನ್ಯ ಹೋಯಿತು. 1070ರಲ್ಲಿ ವಿಜಯಬಾಹು ಚೋಳರನ್ನ ಓಡಿಸಿ ಪೊಲೊನ್ನರುವದಲ್ಲಿ ಆಳಿದ. ಇಲ್ಲಿ ನಮ್ಮ ಕನ್ನಡದ ಹೆಸರು ಬರುತ್ತೆ, ಕಿವಿ ಕೊಡಿ. 'ಕರ್ಣಾಟ' ದೊರೆ, ಅಂದ್ರೆ ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯ, ವಿಜಯಬಾಹುವಿನ ಹತ್ತಿರ ದೂತರನ್ನ ಕಳಿಸಿದ. ಇಬ್ಬರಿಗೂ ಚೋಳರು ಹಗೆ. ವಿಜಯಬಾಹು ಉಡುಗೊರೆ ಕೊಟ್ಟು ತನ್ನ ದೂತರನ್ನ ಕಳಿಸಿದರೆ, ಚೋಳ ಸೀಮೆಯಲ್ಲಿ ಅವರ ಮೂಗು ಕಿವಿ ಕೊಯ್ದರು. ದೊರೆಗಳ ಸ್ನೇಹಕ್ಕೆ ಯಾರ ಮೂಗು ಹೋಯಿತು ನೋಡಿ. ಆಮೇಲೆ ಪರಾಕ್ರಮಬಾಹು, 1153ರಿಂದ 1186. ಮಳೆಯ ಒಂದು ತೊಟ್ಟೂ ಜನಕ್ಕೆ ಉಪಯೋಗ ಆಗದೆ ಸಮುದ್ರ ಸೇರಬಾರದು ಅಂದವನು. ಲೀಲಾವತಿ ಅನ್ನೋ ರಾಣಿ ಮೂರು ಸಲ ಪಟ್ಟ ಏರಿದಳು, ಮೂರು ಸಲವೂ ಇಳಿಸಿದರು. 1215ರಲ್ಲಿ ಕಳಿಂಗದ ಮಾಘ ಬಂದು ಹಾಳು ಮಾಡಿದ ಮೇಲೆ ರಾಜಧಾನಿ ದಂಬದೆಣಿಯ, ಯಾಪಹುವ, ಗಂಪೊಳ, ಕೋಟ್ಟೆ ಅಂತ ಅಲೆದು ಕೊನೆಗೆ ಕ್ಯಾಂಡಿ ಬೆಟ್ಟ ಸೇರಿತು.

ನಮ್ಮ ಹುಡುಗನಿಗೆ ನಾನು ಹೇಳಬೇಕಾದದ್ದು ಈ ಕ್ಯಾಂಡಿಯಲ್ಲಿದೆ. 1739ರಲ್ಲಿ ಕ್ಯಾಂಡಿಯ ದೊರೆ ನರೇಂದ್ರಸಿಂಹ ಪಟ್ಟದ ಮಗ ಇಲ್ಲದೆ ಸತ್ತ. ಅವನ ರಾಣಿ ಮಧುರೆ ಕಡೆಯ ನಾಯಕ್ಕರ ಮನೆಯವಳು. ಅವಳ ತಮ್ಮನಿಗೇ ಪಟ್ಟ ಕಟ್ಟಿದರು. ಅಲ್ಲಿಂದ 76 ವರ್ಷ ಸಿಂಹಳದ ಸಿಂಹಾಸನದಲ್ಲಿ ಕೂತವರು ನಾಯಕ್ಕರು. ವಿಜಯನಗರದ ಕಾಲದಲ್ಲಿ ತೆಂಕಣಕ್ಕೆ ಹೋದ ತೆಲುಗು ಮನೆತನ, ತಮಿಳೂ ಆಡುವವರು. ಪಟ್ಟಕ್ಕೆ ಬಂದು ಬೌದ್ಧರ ದಂತಧಾತು ಕಾಪಾಡಿದರು. ಅವರಲ್ಲಿ ಕೀರ್ತಿಶ್ರೀ ರಾಜಸಿಂಹ 1753ರಲ್ಲಿ ಸಯಾಮಿನಿಂದ ಭಿಕ್ಷುಗಳನ್ನ ಕರೆಸಿ, ನಿಂತುಹೋಗಿದ್ದ ದೀಕ್ಷೆ ಮತ್ತೆ ನಡೆಯುವ ಹಾಗೆ ಮಾಡಿದ. ಆದರೂ ಹಣೆಗೆ ವಿಭೂತಿ ಇಡುತ್ತಾನೆ ಅಂತ ಕೆಲವು ಪ್ರಧಾನರೂ ಭಿಕ್ಷುಗಳೂ 1760ರಲ್ಲಿ ಅವನನ್ನ ಕೊಲ್ಲೋಕೆ ಪಿತೂರಿ ಮಾಡಿದರು. ಬದುಕಿಕೊಂಡ. ಅವನ ಕಾಲದಲ್ಲೇ ಚೂಳವಂಸವನ್ನ ಮುಂದುವರಿಸಿ ಬರೆದ ಭಿಕ್ಷು ಅವನನ್ನ ಹಳೇ ಸಿಂಹಳ ದೊರೆಗಳ ಸಾಲಿನಲ್ಲೇ ಕೂರಿಸಿ ಹೊಗಳುತ್ತಾನೆ. ಎಲಾರನನ್ನ ಹೊರಗಿನವನು ಅಂದ ಅದೇ ಪುಸ್ತಕದ ಬಾಲ ಇದು. ಮನೆಯಲ್ಲಿ ಒಂದು ಮಾತು, ಕಚೇರಿಯಲ್ಲಿ ಒಂದು ಮಾತು ಆಡಿಕೊಂಡು ಬದುಕೋ ನಮ್ಮಂಥ ಗಡಿಯವರಿಗೆ ಈ ನಾಯಕ್ಕರ ಪಾಡು ಬೇಗ ಅರ್ಥ ಆಗುತ್ತೆ.

ಕೊನೆಯವನು ಶ್ರೀವಿಕ್ರಮ ರಾಜಸಿಂಹ. ಮೊದಲ ಹೆಸರು ಕಣ್ಣಸಾಮಿ, 1798ರಲ್ಲಿ ಪಟ್ಟಕ್ಕೆ ಬಂದಾಗ ಹದಿನೆಂಟರ ಹುಡುಗ. ಕ್ಯಾಂಡಿಯ ಕೆರೆ ಕಟ್ಟಿಸಿದವನು. ಎಹೆಲೆಪೊಳ ಅನ್ನೋ ಪ್ರಧಾನ ಇಂಗ್ಲಿಷರ ಕಡೆ ಹೋದದ್ದಕ್ಕೆ 1814ರಲ್ಲಿ ಅವನ ಎಳೇ ಮಕ್ಕಳನ್ನ ಕೊಲ್ಲಿಸಿದ. ಅಣ್ಣ ಹೆದರಿ ಅಮ್ಮನ ಸೆರಗು ಹಿಡಿದಾಗ ತಮ್ಮ ಮುಂದೆ ಬಂದು ಕತ್ತು ಕೊಟ್ಟ ಅಂತ ಜನ ಹೇಳುತ್ತಾರೆ. ಆ ಮಕ್ಕಳ ರಕ್ತಕ್ಕೆ ಯಾವ ಅರ್ಹಂತರೂ ಲೆಕ್ಕ ಹೇಳೋಕೆ ಬರಲಿಲ್ಲ. 1815 ಮಾರ್ಚ್ 2ರಂದು ಪ್ರಧಾನರು ರಾಜ್ಯವನ್ನ ಇಂಗ್ಲಿಷರಿಗೆ ಬರೆದುಕೊಟ್ಟರು. ದೊರೆಯನ್ನ ನಮ್ಮ ಇದೇ ತಮಿಳುನಾಡಿನ ವೇಲೂರು ಕೋಟೆಗೆ ತಂದು ಇಟ್ಟರು. 1832ರಲ್ಲಿ ಅಲ್ಲೇ ಸತ್ತ. ಪಾಲಾರ್ ದಂಡೆಯಲ್ಲಿ ಸಮಾಧಿ ಇದೆ. ವಿಜಯನಿಂದ ಶುರುವಾದ ಸಾಲು ಮುಗಿದದ್ದು ನಾವು ಬಸ್ಸಿನಲ್ಲಿ ಹೋಗಿಬರೋ ಊರಿನಲ್ಲಿ ಅಂತ ಆ ಹುಡುಗನಿಗೆ ಹೇಳಿ.

ಈಗ ನನ್ನ ಸಾಲನ್ನ ಮತ್ತೆ ಕಟ್ಟಿದ್ದೇನೆ. ಮಾಳಿಗೆ ಮೇಲಿನ ರಾತ್ರಿ ಸೇರಿಸಿದ್ದೇನೆ. ಅರ್ಹಂತರು ಒಂದೂವರೆ ಅಂದಾಗ ಹಿಮ್ಮೇಳ ನಿಲ್ಲುತ್ತೆ, ತಂಬೂರಿ ಮಾತ್ರ. ಅಲ್ಲಿಂದ ಮಂಗಳಕ್ಕೆ ಹೋಗದೆ ಇನ್ನೊಂದು ಕಥೆ ಹಾಡುತ್ತೇನೆ. ಇಂಗ್ಲಿಷರ ಮೇಲೆ ಕ್ಯಾಂಡಿಯವರು ದಂಗೆ ಎದ್ದು ಸೋತ ವರ್ಷ 1818. ಪಿಲಿಮತಲವ್ವೆ ಅನ್ನೋ ಹಳೇ ಮನೆತನದ ಪ್ರಧಾನ ಡೋಲಿಯಲ್ಲಿ ತಪ್ಪಿಸಿಕೊಂಡು ಅನುರಾಧಪುರದ ಕಡೆ ಬಂದ. ಎಲಾರನ ಸಮಾಧಿ ಅಂತ ಜನ ನಂಬಿದ್ದ ದಿಬ್ಬ ಅಲ್ಲೇ ಎಲ್ಲೋ ಇತ್ತು. ಈಚೆಗೆ ಪಂಡಿತರು ಅಗೆದು, ಅದು ಸಮಾಧಿ ಅಲ್ಲ, ದಕ್ಷಿಣದ ಸ್ತೂಪ ಅಂದರು, ಅದರ ಮೇಲೆ ಇನ್ನೂ ವಾದ ಇದೆ. ಅವನಿಗೆ ಅದೆಲ್ಲ ಗೊತ್ತಿಲ್ಲ. ಬೆನ್ನ ಹಿಂದೆ ಇಂಗ್ಲಿಷರ ಸಿಪಾಯಿಗಳು, ಮೈಯಲ್ಲಿ ನಡೆಯೋ ತ್ರಾಣ ಇಲ್ಲ. ಆದರೂ ಡೋಲಿ ಇಳಿಸಿ ಅಂದ. ಆ ಜಾಗ ಸರಿಯಾಗಿ ಎಲ್ಲಿ ಅಂತ ಗೊತ್ತಿಲ್ಲದೆ, ದಾಟಿಯಾಯಿತು ಅಂತ ಖಾತ್ರಿ ಆಗುವವರೆಗೂ ನಡೆದೇ ಹೋದ.